ಯಲಬುರ್ಗಾದ ಹಲ್ಲಿಗಳು

ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಹೊಯ್ಯುವಾಗ ಶಿವಲೀಲಾಳಿಗೆ ಅನ್ನಿಸಿತು, ಈ ಮನೆಯಲ್ಲಿ ಇವತ್ತು ತನ್ನೊಬ್ಬಳಿಗೇ ಸಂತೋಷವಾಗಿದೆ, ಇದರಲ್ಲಿ ಯಾರ ಪಾಲೂ ಇಲ್ಲ. ನಿನ್ನೆ ಸಂಜೆ ಧಾರವಾಡದಿಂದ ಅವಳ ಸಂಶೋಧನೆಯ ಮಾರ್ಗದರ್ಶಕ ಕನಕರಾಜ ಸರ್ ಫೋನು ಮಾಡಿದ್ದರು. ಮನೆಯ ಹಿಂದಿನ ಗುಡ್ಡದಿಂದ ಅವಳು ಕಳಿಸಿದ್ದ ಹಲ್ಲಿಯ ಬಾಲದ ತುದಿಗಳಲ್ಲಿ ಎರಡು, ಈ ಗುಡ್ಡದ ಹಲ್ಲಿಗಳಿಗೆ ಹೊಂದುತ್ತಿಲ್ಲ, ಯಲಬುರ್ಗಾದ ಹಲ್ಲಿಗಳಿಗೆ ಹೊಂದುತ್ತಿವೆ ಅಂದರು. ಎರಡು ವಂಶ, ಒಂದೇ ಗುಡ್ಡ. ನಾಳೆ ಭಾನುವಾರ, ನಾನೇ ಬಂದು ನೋಡುತ್ತೇನೆ ಅಂದರು. ಮೂರು ವರ್ಷದಲ್ಲಿ ಅವರ ದನಿಯಲ್ಲಿ ತನಗಾಗಿ ಅವಸರ ಕೇಳಿಸಿದ್ದು ಇದೇ ಮೊದಲು. ಸಿಂಕಿನಲ್ಲಿ ಪಾತ್ರೆ ಬಿಟ್ಟು, ನೊರೆಗೈಯಲ್ಲೇ ಫೋನು ಹಿಡಿದು ಅವಳು ಹ್ಞೂಂ ಸರ್, ಹ್ಞೂಂ ಸರ್ ಅನ್ನುತ್ತಿದ್ದಾಗ ಪಡಸಾಲೆಯಿಂದ ಅತ್ತೆ ವಿರೂಪಾಕ್ಷಮ್ಮ ನಲ್ಲಿ ಬಂದ್ ಮಾಡು ಎಂದು ಕೂಗಿದ್ದರು.

ಹಿಟ್ಟು ಇವತ್ತು ಜಿಗುಟಾಗಿರಲಿಲ್ಲ, ತಟ್ಟಿದರೆ ಅಂಚು ಒಡೆಯುತ್ತಿತ್ತು. ಅಂಚನ್ನು ಬೆರಳಿನಿಂದ ಒತ್ತಿ ಸೇರಿಸುತ್ತಾ ಅವಳು ಸರ್ ಎದುರು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಇಲ್ಲಿ ಆನೆಗೊಂದಿಯಿಂದ ಹಿಡಿದು ಕುಷ್ಟಗಿ, ಯಲಬುರ್ಗಾದವರೆಗೆ ಅಲ್ಲಲ್ಲಿ ಬಯಲಿನ ನಡುವೆ ಎದ್ದಿರುವ ಈ ಕಲ್ಲುಗುಡ್ಡಗಳು ದ್ವೀಪಗಳಿದ್ದ ಹಾಗೆ. ಕಲ್ಲು ಬಿಟ್ಟು ಬದುಕಲಾರದ, ಹಗಲಲ್ಲೇ ಓಡಾಡುವ, ಬೆರಳುದ್ದದ ಹಲ್ಲಿ ಅವುಗಳ ಮೇಲಿದೆ. ಒಂದು ಕಾಲಕ್ಕೆ ಎಲ್ಲ ಒಂದೇ ತಾಯಿಯ ಮಕ್ಕಳು. ನಡುವಿನ ಕಲ್ಲು ಸವೆದು ಮಣ್ಣಾಗಿ, ಮಣ್ಣು ಎರೆಹೊಲವಾಗಿ, ಲಕ್ಷಾಂತರ ವರ್ಷಗಳಲ್ಲಿ ಒಂದೊಂದು ಗುಡ್ಡದವು ಒಂದೊಂದು ವಂಶವಾಗಿ ನಿಂತವು. ಇಲ್ಲಿಯ ಗಂಡಿನ ಗಂಟಲು ನಿಂಬೆಯ ಹಳದಿ, ಅವಳ ತವರಾದ ಯಲಬುರ್ಗಾದಲ್ಲಿ ಇಟ್ಟಂಗಿಯ ಕೆಂಪು. ಹೆಣ್ಣಿಗೆ ಆ ಬಣ್ಣವಿಲ್ಲ, ನೋಡಿ ಹೇಳಲಾಗದು. ಬಾಲದ ತುದಿ ಕತ್ತರಿಸಿ, ಅದರೊಳಗಿನ ಗುರುತು ಓದಿಸಿ, ಯಾವುದು ಯಾವುದರ ಅಕ್ಕ, ಯಾವುದು ಯಾವಾಗ ಬೇರೆ ಮನೆ ಮಾಡಿತು ಎಂದು ಟಿಸಿಲೊಡೆದ ಮರದ ಹಾಗೆ ಬರೆಯುವುದು ಅವಳ ಕೆಲಸ. ಈ ಮನೆಯಲ್ಲಿ ಅದಕ್ಕೆ ಹಲ್ಲಿ ಹಿಡಿಯುವುದು ಎಂದು ಹೆಸರು. ಈಗ ಆ ಮರದ ಬುಡವೇ ಈ ಹಿತ್ತಿಲ ಗುಡ್ಡದಲ್ಲಿದ್ದರೂ ಇರಬಹುದು. ನೋಡಲಿ, ಎಂದು ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಯಾರು ನೋಡಬೇಕು ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ. ಗಂಡ ರುದ್ರೇಶ ಅಕ್ಕಿ ವ್ಯಾಪಾರದ ಮೇಲೆ ಕಾರಟಗಿಗೆ ಹೋಗಿದ್ದ. ಬೆಳಿಗ್ಗೆ ಹೇಳಿದಾಗ, ಸಂಬಳ ಏನರ ಹೆಚ್ಚಾಗತೈತೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೈಕಿನ ಕೀಲಿ ಹುಡುಕಿದ್ದ.

ಮಗಳು ಅನ್ನಪೂರ್ಣ ಬಾಗಿಲಲ್ಲಿ ಬಂದು ನಿಂತಿತು. ಅವಳಿಗೆ ಆರು ವರ್ಷ, ಎಲ್ಲರೂ ಅನ್ನಿ ಅನ್ನುತ್ತಾರೆ. ಕಟ್ಟೆಯ ಮೇಲೆ ತಾಯಿಯ ಪುಟ್ಟ ಕತ್ತರಿ, ಚಿಮಟ, ಸೀಸೆಗಳನ್ನು ಬಟ್ಟೆಯ ಮೇಲೆ ಹರವಿದ್ದನ್ನು ನೋಡಿದ್ದೇ ಅನ್ನಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿತು. ಶಿವಲೀಲಾ ಬೇರೆ ಕಡೆ ನೋಡಿದಳು. ಹೋದ ಯುಗಾದಿಯಿಂದ ಹುಡುಗಿ ಹೀಗೇ. ತಾಯಿಯ ವಸ್ತು ಯಾವುದಿದ್ದರೂ, ಬಾಚಣಿಗೆ ಆಗಲಿ, ಪೆನ್ನಾಗಲಿ, ಮೊದಲು ಕೈ ಹಿಂದೆ. ಆಗ ಯಲಬುರ್ಗಾದಿಂದ ಐದಾರು ಹಲ್ಲಿಗಳನ್ನು ಜೀವಂತ ತಂದಿದ್ದಳು. ತರಬಾರದು, ಹಿಡಿದ ಕಲ್ಲಿನ ಮೇಲೇ ಬಿಡಬೇಕು ಎಂಬುದು ಸರ್ ಹಾಕಿದ ಮೊದಲ ನಿಯಮ. ಆದರೆ ತತ್ತಿ ಇಡುವುದನ್ನು ನೋಡಲು ಅಲ್ಲೇ ವಾರಗಟ್ಟಲೆ ಉಳಿಯಲು ಇಲ್ಲಿ ಯಾರು ಬಿಡುತ್ತಿದ್ದರು? ಮಿಠಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಕಾಸಿದ ಸೂಜಿಯಿಂದ ತೂತು ಮಾಡಿ, ಒಳಗೆ ಒಂದು ಕಲ್ಲುಚಕ್ಕೆ ಇಟ್ಟು, ಗೋಡೆಗೆ ಎತ್ತರದಲ್ಲಿ ಬಡಿದ ನಾಗೊಂದಿಯ ಹಲಗೆಯ ಮೇಲೆ ಇಟ್ಟಿದ್ದಳು. ಪಾಠ ಹೇಳುವ ಕಾಲೇಜಿನಿಂದ ಬಂದು ನೋಡಿದರೆ ಮುಚ್ಚಳ ತೆಗೆದಿತ್ತು, ಡಬ್ಬಿ ಖಾಲಿ. ಅನ್ನಿ ಕೆಳಗೆ ಸ್ಟೂಲಿನ ಪಕ್ಕ ಆಡುತ್ತಿತ್ತು. ನಾ ಅಲ್ಲ ಅಂದಿತು. ಮತ್ತೆ ಕೇಳಿದಾಗಲೂ ನಾ ಅಲ್ಲ ಅಂದಿತು. ಆಮೇಲೆ ಕೆನ್ನೆಗೆ ಬಿದ್ದ ಏಟಿನ ಸದ್ದು ಇವತ್ತಿಗೂ ಅವಳ ಅಂಗೈಯಲ್ಲಿದೆ. ರೊಟ್ಟಿ ತಟ್ಟುವಾಗ ಒಮ್ಮೊಮ್ಮೆ ಅದೇ ಸದ್ದು ಬರುತ್ತದೆ. ಎರಡನೆಯದಕ್ಕೆ ಕೈ ಎತ್ತಿದಾಗ ಹುಡುಗಿ ಹ್ಞೂಂ ಅಂದಿತ್ತು. ಮೊದಲೇ ಹೇಳಬಾರದಿತ್ತೇನು ಎಂದು ತಾನು ತಾಯಿಯ ದನಿಯಲ್ಲಿ, ಬಹಳ ತಾಳ್ಮೆಯಿಂದ, ಬುದ್ಧಿ ಹೇಳಿದ್ದಳು.

ನಿನ್ನೆ ಹಾಸಿಗೆಯಲ್ಲಿ ಆ ಡಬ್ಬಿ ನೆನಪಾಗದೆ ಇರಲಿಲ್ಲ. ಆದರೆ ಮನೆಗೂ ಗುಡ್ಡಕ್ಕೂ ನಡುವೆ ಗದ್ದೆ ಇದೆ, ಕಾಲುವೆಯ ನೀರು ನಿಂತ ಭತ್ತದ ಗದ್ದೆ. ಕಲ್ಲಿನ ಜೀವ ಕೆಸರು ದಾಟುವುದಿಲ್ಲ. ಅವಳ ಇಡೀ ಪ್ರಬಂಧ ನಿಂತದ್ದೇ ಆ ಮಾತಿನ ಮೇಲೆ. ದಾಟುವ ಹಾಗಿದ್ದರೆ ಗುಡ್ಡಕ್ಕೊಂದು ವಂಶ ಆಗುತ್ತಲೇ ಇರಲಿಲ್ಲ. ಡಬ್ಬಿಯವು ಬೆಕ್ಕಿನ ಬಾಯಿಗೆ ಹೋಗಿವೆ, ಅಥವಾ ಕಪಾಟಿನ ಹಿಂದೆ ಒಣಗಿವೆ. ಹೀಗೆ ಅಂದುಕೊಂಡು ನಿದ್ದೆ ಮಾಡಿದ್ದಳು, ನಿದ್ದೆಯೂ ಬಂದಿತ್ತು.

ಅನ್ನಿಯನ್ನು ಮೊಸರಿಗೆಂದು ಪಕ್ಕದ ಯಮನೂರಮ್ಮನ ಮನೆಗೆ ಕಳಿಸಿದಳು. ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಪುಂಡಿಪಲ್ಲೆ ಸೋಸುತ್ತಿದ್ದರು. ಗಂಡಸರಿಲ್ಲದ ದಿನ ನೋಡಿ ಪರ ಊರಿನವನನ್ನು ಕರೆಸುತ್ತಾರೇನು, ಊರ ಮಂದಿ ಕಣ್ಣು ಕಿತ್ತುಕೊಂಡು ಕೂತಿರುವುದಿಲ್ಲ, ಎಂದು ಬೆಳಗಿನಿಂದ ಸೊಪ್ಪಿಗೆ ಹೇಳುತ್ತಿದ್ದರು. ಸೊಪ್ಪಿಗೆ ಹೇಳಿದ್ದನ್ನೆಲ್ಲ ಸೊಸೆ ಕೇಳಿಸಿಕೊಳ್ಳಬೇಕು, ಉತ್ತರಿಸಬಾರದು. ಇದು ಏಳು ವರ್ಷದ ಕರಾರು. ಇವತ್ತು ಶಿವಲೀಲಾ ಕರಾರು ಮುರಿದಳು. ಸರ್ ಸುಮ್ಮನೆ ಬರುತ್ತಿಲ್ಲ, ಯಲಬುರ್ಗಾದ ಹಲ್ಲಿ ನಮ್ಮ ಗುಡ್ಡದಲ್ಲಿ ಸಿಕ್ಕಿದೆ, ಇಂಥದ್ದನ್ನು ಇದುವರೆಗೆ ಯಾರೂ ಕಂಡಿಲ್ಲ, ನನ್ನ ಹೆಸರಿನಲ್ಲಿ ಅಚ್ಚಾಗುತ್ತದೆ ಎಂದು, ಹಂಚಿನ ಕಡೆ ಮುಖ ಮಾಡಿ, ದನಿ ಎತ್ತರಿಸಿಯೇ ಹೇಳಿದಳು.

ವಿರೂಪಾಕ್ಷಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಸಿಗದ ಏನ ಮಾಡ್ತಾವ. ನಾನ ಒಯ್ದು ಬಿಟ್ಟೀನಲ್ಲ."

"ಏನ ಬಿಟ್ರಿ?"

"ಹಲ್ಲಿ. ನಿನ್ನ ಡಬ್ಬ್ಯಾಗಿನವು. ಯುಗಾದಿಗೆ ಮನಿ ತೊಳಿಯಾಕ ನಾಗೊಂದಿ ಖಾಲಿ ಮಾಡಿದ್ನಿ. ಅಮಾಸಿ ದಿನ ಮನ್ಯಾಗ ಜೀವ ಉಪಾಸ ಕೆಡವಿ ಹಬ್ಬ ಮಾಡ್ತಾರೇನು? ಒಂದರ ಹೊಟ್ಟ್ಯಾಗ ತತ್ತಿ ಕಾಣ್ತಿದ್ವು, ತೊಗಲಿನ ಒಳಗ, ಸಾಬೂದಾನಿ ಹಂಗ. ಸೆರಗಿನ್ಯಾಗ ಹಿಡಕೊಂಡು ಬದುವಿನ ಮ್ಯಾಲೆ ಹೋಗಿ ಕಲ್ಲಿಗೆ ಬಿಟ್ಟು ಬಂದ್ನಿ. ಕೊಂದಿಲ್ಲವಾ ನಾ. ನಿನ್ನಂಗ ಬಾಲ ಕತ್ತರಿಸಿಲ್ಲ."

ಹಂಚಿನ ಮೇಲೆ ರೊಟ್ಟಿ ಉಬ್ಬಿ ಒಂದು ಕಡೆ ಹೊತ್ತಿತು. ಶಿವಲೀಲಾ ಅದನ್ನು ತಿರುವಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಕೇಳಿದ್ದು ತನ್ನ ದನಿಯೇ ಎಂದು ಅವಳಿಗೆ ಅನ್ನಿಸಲಿಲ್ಲ.

"ನೀ ನನ್ನ ಕೇಳಿದ್ದೇನು? ಬಂದಾಕಿ ಸೀದಾ ಹುಡುಗಿ ಮ್ಯಾಲೆ ಹೋದಿ."

"ನೀವು ಅಲ್ಲೇ ಕುಂತಿದ್ರಿ ಅತ್ತಿ. ಬತ್ತಿ ಹೊಸಿತಿದ್ರಿ."

"ಕುಂತಿದ್ನಿ. ನಿನ್ನ ಮಗಳು, ನಿನ್ನ ಕೈ. ನಡಕ ಬಾಯಿ ಹಾಕಿದ್ರ ಅದೂ ನನ್ನ ತಪ್ಪ ಆಗತಿತ್ತು." ಸೋಸಿದ ಕಡ್ಡಿಗಳನ್ನು ಮೊರದಿಂದ ಕೊಡವಿ ಅವರು ಎದ್ದರು. ಏಳುವಾಗ ಮೊಣಕಾಲು ಹಿಡಿದು, ಯಾರಿಗೋ ಹೇಳಿದ ಹಾಗೆ, "ನಿಮ್ಮೂರಿನವು ಎಲ್ಲಿ ಒಗದ್ರೂ ಬದಕ್ತಾವ ಬಿಡು," ಅಂದರು.

ಅತ್ತೆಯನ್ನು ದ್ವೇಷಿಸುವುದು ಅವಳಿಗೆ ಹೊಸತಲ್ಲ. ಆದರೆ ಇದುವರೆಗಿನ ದ್ವೇಷಕ್ಕೆ, ಪಾತ್ರೆಗಿದ್ದ ಹಾಗೆ, ಹಿಡಿಯಲು ಒಂದು ಕಿವಿ ಇರುತ್ತಿತ್ತು: ಒಂದು ಮಾತು, ಒಂದು ನೋಟ, ಊಟಕ್ಕೆ ಕೂತಾಗ ದೂರ ಸರಿಸಿದ ತುಪ್ಪದ ಬಟ್ಟಲು. ಇದಕ್ಕೆ ಅದಿರಲಿಲ್ಲ. ಬಸುರಿಯಾದ ಒಂದು ಜೀವವನ್ನು ಹಬ್ಬದ ದಿನ ಬಿಸಿಲಲ್ಲಿ ನಡೆದು ಹೋಗಿ ಕಲ್ಲಿಗೆ ಸೇರಿಸಿ ಬಂದ ಮುದುಕಿಯನ್ನು ಏನೆಂದು ಬೈಯುವುದು? ಬೈಯಲು ಆಗದ್ದಕ್ಕೇ ಸಿಟ್ಟು ಹೆಚ್ಚಾಯಿತು. ಹುಡುಗಿಯ ಕೆನ್ನೆಯ ಮೇಲೆ ತನ್ನ ಬೆರಳು ಮೂಡಿದ್ದನ್ನು ನೋಡುತ್ತಾ, ಬತ್ತಿಯ ಹತ್ತಿಯನ್ನು ನಾಜೂಕಾಗಿ ಎಳೆಯುತ್ತಿದ್ದ ಅತ್ತೆಯ ಬೆರಳುಗಳು. ಆದರೆ ಹೊಡೆದ ಬೆರಳು ಅವಲ್ಲ. ಸುಟ್ಟ ರೊಟ್ಟಿಯನ್ನು ತಾನೇ ತಿನ್ನಬೇಕೆಂದು ಬೇರೆ ಇಡುತ್ತಾ, ಶಿವಲೀಲಾ ಒಂದು ಲೆಕ್ಕ ಹಾಕಿದಳು, ಹಾಕುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ. ಇದು ಗೊತ್ತಿರುವುದು ಇಬ್ಬರಿಗೆ. ಅತ್ತೆಗೆ ಇದರ ಬೆಲೆ ಗೊತ್ತಿಲ್ಲ. ತಾನು ಸುಮ್ಮನಿದ್ದರೂ ಆ ಎರಡು ಬಾಲದ ತುದಿಗಳು ಸುಳ್ಳು ಹೇಳುವುದಿಲ್ಲ. ಈ ಗುಡ್ಡದಲ್ಲಿ ಯಲಬುರ್ಗಾದ ಹಲ್ಲಿ ಇರುವುದು ನಿಜವೇ. ಇದೆ ಎಂದು ಬರೆದರೆ ಸಾಕು. ಹೇಗೆ ಬಂತೆಂದು ಕಲ್ಲು ಹೇಳುವುದಿಲ್ಲ. ಹೇಳಿದರೆ ಮೂರು ವರ್ಷ ಹೋಯಿತು, ನಿಯಮ ಮುರಿದದ್ದೂ ಹೊರಗೆ ಬಿತ್ತು, ಪದವಿಯೂ ಹೋಯಿತು. ಆಮೇಲೆ ಈ ಹೊಸ್ತಿಲು, ಈ ಸೊಪ್ಪು, ಈ ಮಾತು.

ಕನಕರಾಜ ಸರ್ ಹೊತ್ತೇರಿದ ಮೇಲೆ ಬಂದರು. ದಾರಿಯಲ್ಲಿ ಅಂಜನಾದ್ರಿಗೆ ಹೋಗುವ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಆ ಸಿಟ್ಟನ್ನು ಶೂ ಬಿಚ್ಚುವಾಗ ಶೂಗಳ ಮೇಲೆ ತೀರಿಸಿದರು. ಚಹಾ ತಂದಾಗ, ಅಡಿಗಿ ಕೆಲಸ ಎಲ್ಲಾ ಮುಗೀತೇನ್ರಿ, ಈಗ ವಿಜ್ಞಾನ ಮಾಡೋಣೇನು, ಎಂದು ನಕ್ಕರು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಅವರನ್ನೇ ನೋಡುತ್ತಿದ್ದರು. ಅಚ್ಚಾಗುವ ಲೇಖನದಲ್ಲಿ ನಿಮ್ಮ ಸೊಸಿ ಹೆಸರೂ ಇರತೈತ್ರಿ ಅಮ್ಮಾರ, ನನ್ನ ಹೆಸರಿನ ಹಿಂದ, ಎಂದು ಸರ್ ದೊಡ್ಡ ಮನಸ್ಸಿನಿಂದ ಅಂದರು. ಶಿವಲೀಲಾಳ ಕೈಯಲ್ಲಿ ತಟ್ಟೆ ನಿಂತಿತು. ಈಗ ಬಾಯಿ ಬಿಡುತ್ತಾರೆ, ಈಗ, ಎಂದು ಅತ್ತೆಯ ತುಟಿಯನ್ನೇ ನೋಡಿದಳು.

"ಹಲ್ಲಿ ನೋಡಾಕ ಧಾರವಾಡದಿಂದ ಕಾರ್ ಮಾಡ್ಕೊಂಡು ಬಂದ್ರೇನ್ರಿ," ಎಂದರು ವಿರೂಪಾಕ್ಷಮ್ಮ. "ನಿಮ್ಮ ಮನಿ ಗ್ವಾಡಿ ಮ್ಯಾಲೆ ಇಲ್ಲೇನ್ರಿ?"

ಸರ್ ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ, ಮುಂದೇನೂ ಹೇಳಲೂ ಇಲ್ಲ. ಅವರು ಹೇಳದೆ ಉಳಿಸಿದ್ದು ತನಗಾಗಿ ಅಲ್ಲ, ಅವರ ಪಾಲಿಗೆ ಅದು ಹೇಳುವಷ್ಟು ದೊಡ್ಡ ಸಂಗತಿಯೇ ಅಲ್ಲ, ಎಂಬುದು ಹೊಳೆದಾಗ ಶಿವಲೀಲಾಳಿಗೆ ಸಮಾಧಾನವಾಯಿತು. ಸಮಾಧಾನದ ಬೆನ್ನಿಗೇ ಅವಮಾನವೂ ಆಯಿತು.

ನಾನೂ ಬರ್ತೀನಿ ಎಂದು ಅನ್ನಿ ಚಪ್ಪಲಿ ಹಾಕಿಕೊಂಡಿತು. ಬೇಡ ಅಂದರೆ ಕಾರಣ ಕೊಡಬೇಕಿತ್ತು. ಗದ್ದೆಯ ಬದುವಿನ ಮೇಲೆ ಮೂವರೂ ಸಾಲಾಗಿ ನಡೆದರು. ನಿನ್ನೆ ಔಷಧಿ ಹೊಡೆದಿದ್ದರು, ಮೂಗಿಗೆ ಘಾಟು ಹತ್ತುತ್ತಿತ್ತು, ನಿಂತ ನೀರಿನಲ್ಲಿ ಆಕಾಶ ಕಣ್ಣಿಗೆ ಚುಚ್ಚುತ್ತಿತ್ತು. ಈ ಬದುವಿನ ಮೇಲೆ ಒಬ್ಬ ಮುದುಕಿ ಸೆರಗಿನಲ್ಲಿ ಹಲ್ಲಿ ಹಿಡಿದು ನಡೆದಿದ್ದಾಳೆ. ಲಕ್ಷಾಂತರ ವರ್ಷ ಯಾವ ಹಲ್ಲಿಯೂ ದಾಟದ ಬಯಲನ್ನು ತಾನು ಅವುಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ದಾಟಿಸಿದಳು. ಉಳಿದ ನಾಲ್ಕು ಹೆಜ್ಜೆ ಅತ್ತೆ ದಾಟಿಸಿದರು. ಅದೇ ಬಯಲು ದಾಟಿ ಸೊಸೆಯಾಗಿ ಬಂದವಳಿಗೆ ಈ ಗುಡ್ಡ ಮೊದಲ ವರ್ಷ ಎಷ್ಟು ಕಾದಿತ್ತು. ರಾತ್ರಿಯೂ ಕಲ್ಲು ಬಿಸಿ ಉಗುಳುತ್ತಿತ್ತು, ಗೋಡೆಗೆ ಕೈ ಇಟ್ಟರೆ ಜ್ವರ ಬಂದವರ ಮೈ. ಯಲಬುರ್ಗಾದಲ್ಲಿ ಸಂಜೆಯಾದರೆ ಗಾಳಿ ಬೀಸುತ್ತದೆ, ಅದಕ್ಕೇ ಅಲ್ಲಿ ಗಾಳಿಯಂತ್ರ ನಿಲ್ಲಿಸಿದ್ದಾರೆ ಎಂದು ಹೇಳಿದ್ದಕ್ಕೆ ಅತ್ತೆ ವಾರವಿಡೀ ಗಾಳಿಯೂರಿನಾಕಿ ಎಂದು ಕರೆದಿದ್ದರು. ಮುಂದೆ ಸರ್ ಅವಳದೇ ಗುಡ್ಡವನ್ನು ಅವಳಿಗೆ ವಿವರಿಸುತ್ತಾ ಹತ್ತುತ್ತಿದ್ದರು. ಸಾಣಾಪುರದ ಕಡೆಯಿಂದ ಬಂದು ಬಂಡೆ ಹತ್ತುವ ಪ್ರವಾಸಿಗಳು ಕೈಗೆ ಹಚ್ಚಿಕೊಳ್ಳುವ ಪುಡಿಯ ಬಿಳಿ ಗುರುತು ಕಂಡು, ಇವರು ಕಲ್ಲನ್ನೂ ಬಿಡೂದಿಲ್ಲ ನೋಡ್ರಿ, ಎಂದು ಉಗುಳಿದರು.

ಒರಗಿದ ಎರಡು ಬಂಡೆಗಳ ಸಂದಿಯ ನೆರಳಲ್ಲಿ, ಮೇಲುಮಾಡಿಗೆ ಅಂಟಿಸಿದ ತತ್ತಿಗಳಿದ್ದವು. ಒಡೆದವುಗಳ ಬಿಳಿಯ ಉಂಗುರ, ಒಡೆಯದವು ಮುತ್ತಿನ ಹಾಗೆ. ಸರ್ ಹಿಂದಕ್ಕೆ ಬಾಗಿ ಟಾರ್ಚು ಹಿಡಿದರು. ಅದೇ ಹೊತ್ತಿಗೆ ಎದುರಿನ ಕಲ್ಲಿನ ಮೇಲೆ ಒಂದು ಗಂಡು ಬಂದು, ಮುಂಗಾಲು ಊರಿ, ತಲೆ ಎತ್ತಿಳಿಸಿ ಗಂಟಲು ತೋರಿಸಿತು. ಇಟ್ಟಂಗಿಯ ಕೆಂಪು. ಅದು ಇಲ್ಲೇ ಹುಟ್ಟಿದ್ದಿರಬೇಕು, ಮೈ ಇನ್ನೂ ಬಲಿತಿರಲಿಲ್ಲ. ಇದು ನನ್ನ ಕಲ್ಲು ಎಂದು ಅದು ಯಾರಿಗೋ ಹೇಳುತ್ತಿತ್ತು. ಸರ್ ಉಸಿರು ಬಿಡದೆ ನೋಡಿದರು. ಅವರ ಮುಖದಲ್ಲಿ ಮೂಡಿದ ಸಂತೋಷ ಎಳೆಯ ಹುಡುಗನದಾಗಿತ್ತು. ಈ ಮನುಷ್ಯ ಇಷ್ಟು ಚೆಂದ ಇರಬಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾದದ್ದಕ್ಕೆ ಸಿಟ್ಟು ಬಂತು.

ಹಲ್ಲಿ ಸಂದಿಗೆ ಸರಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು, ಲೇಖನ ಓದಿದವರು ಮೊದಲು ಕೇಳುವ ಪ್ರಶ್ನೆ ಒಂದಿದೆ, ನಾವೇ ಮೊದಲು ಕೇಳಿಕೊಂಡುಬಿಡೋಣ ಅಂದರು. ಬೇರೆ ಕಡೆಯಿಂದ ಯಾರಾದರೂ ತಂದು ಇಲ್ಲಿ ಬಿಟ್ಟಿರಬಹುದೇ?

"ಇಲ್ರಿ ಸರ್," ಅಂದಳು ಶಿವಲೀಲಾ. ಅಷ್ಟು ಸಲೀಸಾಗಿ ಬಂತು. ಯಾರು ತರ್ತಾರ ಎಂದು ಸೇರಿಸಿ, ನಗಲೂ ನಕ್ಕಳು.

ಸರ್ ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿದಿತ್ತು. ಇಳಿಯಲು ತಿರುಗುವಾಗ, ಬಂಡೆಯ ನೆರಳಲ್ಲಿ ಕುಳಿತ ಹುಡುಗಿಯನ್ನು ಕಂಡು, ಮಕ್ಕಳನ್ನು ಮಾತಾಡಿಸಬೇಕೆಂಬ ಮರ್ಯಾದೆಗೆ, "ಏನವಾ ಮೇಡಂ, ನೀ ಏನರ ತಂದು ಬಿಟ್ಟೀಯೇನು?" ಎಂದು ಕೇಳಿದರು.

"ಹ್ಞೂಂ," ಅಂದಿತು ಅನ್ನಿ. "ನಾನ ಬಿಟ್ಟೀನಿ."

ಅವರು ನಕ್ಕರು. ಹೆಂಗ ಬಿಟ್ಟಿ ಎಂದು ಕೇಳಿದರು. ಹುಡುಗಿ ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿತು. ಸ್ಟೂಲ್ ಹಾಕ್ಕೊಂಡು ಹತ್ತಿದೆ. ಮಿಠಾಯಿ ಡಬ್ಬಿ ಇತ್ತು, ಮುಚ್ಚಳಕ್ಕೆ ತೂತು ಇದ್ದವು. ಮುಚ್ಚಳ ತೆಗೆದೆ. ಅವು ನನ್ನ ಕೈ ಮೇಲಿಂದ ಹೋದವು, ಅವುಗಳ ಕಾಲು ತಣ್ಣಗಿದ್ದವು. ಆಮೇಲೆ ಅವ್ವ ಬಂದಳು. ಒಂದು ವರ್ಷದಿಂದ ಆ ಪುಟ್ಟ ತಲೆಯೊಳಗೆ ದಿನಾ ಒಂದಿಷ್ಟು ಬೆಳೆದು, ಕಾಲು ಮೂಡಿ, ತಣ್ಣಗಾಗಿ, ಈಗ ಪೂರ್ತಿ ಜೀವ ಬಂದು ನಿಂತ ಸುಳ್ಳು ಅದು. ಶಿವಲೀಲಾ ಅದನ್ನು ಕೇಳುತ್ತಾ ನಿಂತಳು. ಸರ್ ನಗುವುದನ್ನು ಬಿಟ್ಟಿದ್ದರು. ಯಾವ ಡಬ್ಬಿ ಎಂದು ಈಗ ಅವರು ಹುಡುಗಿಯನ್ನು ಕೇಳಲಿಲ್ಲ, ಶಿವಲೀಲಾಳ ಕಡೆ ತಿರುಗಿದರು.

ಹುಡುಗರ ಮಾತು ಸರ್, ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಿತ್ತು. ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು, ಯಾರೂ ತಿರುಗಿ ನೋಡುವುದಿಲ್ಲ. ಅಥವಾ ಏನೂ ಹೇಳದಿದ್ದರೂ ಸಾಕು. ಹುಡುಗಿಯೇ ಹೊತ್ತುಕೊಂಡಿದೆ, ಹೊರಲು ಈಗಾಗಲೇ ಕಲಿತಿದೆ. ಅನ್ನಿ ಅವಳನ್ನೇ ನೋಡುತ್ತಿತ್ತು. ಹೆದರಿಕೆ ಇರಲಿಲ್ಲ ಆ ನೋಟದಲ್ಲಿ. ಈ ಸಲ ಸರಿಯಾಗಿ ಹೇಳಿದೆನೇ, ಎಂದು ಕೇಳುವ ಹಾಗಿತ್ತು.

"ಆಕಿ ಅಲ್ರಿ ಸರ್. ನಾನ ತಂದಿದ್ದೆ, ಯಲಬುರ್ಗಾದಿಂದ, ಜೀವಂತ. ನಮ್ಮ ಮನ್ಯಾಗಿಂದ ಇಲ್ಲಿಗೆ ಬಂದಾವ. ಆಕಿ ಮುಟ್ಟೂ ಇಲ್ಲ."

ಕನಕರಾಜ ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರು ನಿಲ್ಲಬಹುದಿತ್ತು. ಟಾರ್ಚನ್ನು ಆರಿಸಿ ಚೀಲದೊಳಗಿಟ್ಟು, ಚೀಲದ ಜಿಪ್ ಎಳೆದರು. ಅದು ಅರ್ಧದಲ್ಲಿ ಸಿಕ್ಕಿಕೊಂಡಾಗ ತಾಳ್ಮೆಯಿಂದ ಬಿಡಿಸಿದರು. ನಿನ್ನೆ ರಾತ್ರಿಯೇ ನಾಲ್ಕು ಜನಕ್ಕೆ ಫೋನು ಮಾಡಿ ಹೇಳಿದ್ದೇನೆ ಎಂದರು. ಮರದಿಂದ ಈ ಗುಡ್ಡವನ್ನು ತೆಗೆದುಹಾಕಬೇಕು ಎಂದರು. ಬರೀ ಕಾಗದದಿಂದ ತೆಗೆದರೆ ಸಾಲದು. ಇಲ್ಲಿಯವು ಬಂದವುಗಳ ಜೊತೆ ಕೂಡಿದರೆ ಈ ಗುಡ್ಡದ್ದೇ ಆದ ವಂಶ ಇಲ್ಲಿಗೆ ಮುಗಿಯುತ್ತದೆ.

"ಕೆಂಪು ಗಂಟಲಿನವು, ಅವುಗಳ ಮರಿ, ತತ್ತಿ, ಎಷ್ಟು ಅದಾವೋ ಅಷ್ಟೂ ಹಿಡದು ಸ್ಪಿರಿಟ್ನ್ಯಾಗ ಹಾಕಿ ಕಳಸ್ರಿ. ಯಾವ ಸಂದ್ಯಾಗ ಇರ್ತಾವ ಅನ್ನೂದು ನಿಮಗ ಗೊತ್ತಲ್ಲ. ಮುಂದಿಂದು ಮಾತಾಡಾಕ ನನಗ ಫೋನ್ ಮಾಡಬ್ಯಾಡ್ರಿ, ನಾನ ಮಾಡ್ತೀನಿ."

ಅವರು ಒಬ್ಬರೇ ಇಳಿದು ಹೋದರು. ಬದುವಿನ ಮೇಲೆ ಸಣ್ಣದಾಗುತ್ತಾ ಹೋದ ಆ ಬೆನ್ನನ್ನು ನೋಡುತ್ತಾ ಶಿವಲೀಲಾ ಕಾದ ಕಲ್ಲಿನ ಮೇಲೆ ಕುಳಿತಳು. ಸೀರೆಯೊಳಗಿಂದ ಬಿಸಿ ತೊಡೆಗೆ ಹತ್ತಿತು, ಎದ್ದೇಳಲಿಲ್ಲ. ಸಂದಿಯ ಬಾಯಿಗೆ ಆ ಗಂಡು ಮತ್ತೆ ಬಂದು ತಲೆ ಎತ್ತಿಳಿಸುತ್ತಿತ್ತು. ಅದನ್ನು ಹಿಡಿಯುವುದು ಸುಲಭ, ಕೈಗೆ ಸಿಗುವಷ್ಟು ಹತ್ತಿರ. ತನ್ನ ಊರಿನದು. ಇವತ್ತಲ್ಲ ನಾಳೆ ತಾನೇ ಹಿಡಿಯಬೇಕು. ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದಿತ್ತು, ಅದೊಂದನ್ನಾದರೂ ಇವತ್ತೇ ಮುಗಿಸಿಬಿಡಬಹುದು ಎಂದು ಅವಳಿಗೆ ಹಗುರವಾಯಿತು. ಅನ್ನಿಯನ್ನು ಹತ್ತಿರ ಕರೆದು, ಎರಡೂ ತೋಳು ಹಿಡಿದು, ಎದುರು ನಿಲ್ಲಿಸಿಕೊಂಡಳು. ಬೆವರಿಗೆ ಹಣೆಗಂಟಿದ ಕೂದಲು ಹಿಂದೆ ಸರಿಸಿದಳು. ನೀನು ಬಿಟ್ಟಿಲ್ಲ, ಬಂಗಾರ, ಅಜ್ಜಿ ಮನೆ ತೊಳೆಯುವಾಗ ಒಯ್ದು ಬಿಟ್ಟದ್ದು, ನೀನು ಡಬ್ಬಿ ಮುಟ್ಟಿಯೇ ಇಲ್ಲ, ನಾನು ಸುಮ್ಮಸುಮ್ಮನೆ ಹೊಡೆದೆ, ತಪ್ಪು ನನ್ನದು, ಎಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

ಹುಡುಗಿಯ ತೋಳು ಅವಳ ಕೈಯೊಳಗೆ ಬಿಗಿಯಾಯಿತು.

"ಸುಳ್ಳು," ಅಂದಿತು. "ನಾನ ಬಿಟ್ಟೀನಿ. ಅವು ನನ್ನ ಕೈ ಮ್ಯಾಲೆ ಹೋಗ್ಯಾವ."

"ಇಲ್ಲವ್ವ. ನಿನಗ ಹಂಗ ಅನಸತೈತಿ. ನಾ ಹೊಡದಿದ್ದಕ್ಕ ನೀ ಹ್ಞೂಂ ಅಂದಿ."

ಅನ್ನಿ ತೋಳು ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯಿತು. ಅದರ ಮುಖ ಕೆಂಪಾಗಿತ್ತು. ತನ್ನದನ್ನು ಯಾರೋ ಕಸಿದುಕೊಳ್ಳಲು ಬಂದ ಹಾಗೆ ತಾಯಿಯನ್ನು ಕೆಳಗಿನಿಂದ ಮೇಲೆ ನೋಡಿತು.

"ನಾ ಬಿಟ್ಟಿಲ್ಲಂದ್ರ, ಮತ್ತ ನೀ ಯಾಕ ಹೊಡದಿ?"